ಕಂಪೈಲ್ ಮಾಡಿದ್ದೆಲ್ಲ ವೇಗವೇ? ಕ್ಸಾಲನ್ ಮತ್ತು ಎಕ್ಸ್‌ಎಸ್‌ಎಲ್‌ಟಿಸಿ ಓಡಿಸಿ ನೋಡಿದೆ
ಹಳೆಯ ಜಾವಾ ಪ್ರಾಜೆಕ್ಟ್ ಒಂದರಲ್ಲಿ ಎಕ್ಸ್‌ಎಂಎಲ್ ಬಿಲ್‌ಗಳನ್ನು ಎಚ್‌ಟಿಎಂಎಲ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಇದಕ್ಕಿರುವ ಭಾಷೆ ಎಕ್ಸ್‌ಎಸ್‌ಎಲ್‌ಟಿ. ಅದರಲ್ಲಿ ನಿಯಮ ಬರೆದಿಟ್ಟ ಫೈಲು ಸ್ಟೈಲ್‌ಶೀಟ್, ಅದನ್ನು ನಡೆಸುವ ಪ್ರೋಗ್ರಾಮು ಪ್ರೊಸೆಸರ್. ನಿಧಾನ ಅಂತ ದೂರು ಬೇರೆ. "ಸ್ಟೈಲ್‌ಶೀಟನ್ನು ಕಂಪೈಲ್ ಮಾಡೋ ಪ್ರೊಸೆಸರ್ ಹಾಕಿ, ಸರಿಹೋಗುತ್ತೆ" ಅಂತ ಟೀಮಿನವರು ಹೇಳಿದರು. ಸುಮ್ನೆ ನಂಬುವ ಬದಲು ಕಂಪೈಲ್ ಮಾಡುವುದು, ಮಾಡದ್ದು ಎರಡನ್ನೂ ಓಡಿಸಿ ನೋಡಿದೆ.

ಇದಕ್ಕೆ ಅಪಾಚೆ ಕ್ಸಾಲನ್ ಎಂಬ ಪ್ರೊಸೆಸರ್ ಹೇಳಿ ಮಾಡಿಸಿದ ಹಾಗಿದೆ. ಎರಡೂ ಬಗೆ ಅದರೊಳಗೇ ಇವೆ. ಒಂದು, ಸ್ಟೈಲ್‌ಶೀಟನ್ನು ಓದಿಕೊಂಡು ಅಲ್ಲಲ್ಲೇ ನಡೆಸುವ ಇಂಟರ್‌ಪ್ರಿಟರ್. ಇನ್ನೊಂದು ಎಕ್ಸ್‌ಎಸ್‌ಎಲ್‌ಟಿಸಿ. ಇದು ಸ್ಟೈಲ್‌ಶೀಟನ್ನೇ ಜಾವಾ ಬೈಟ್‌ಕೋಡ್ ಮಾಡುತ್ತದೆ, ಅಂದರೆ ಜೆವಿಎಂ (ಜಾವಾ ಪ್ರೋಗ್ರಾಮ್ ನಡೆಸುವ ತಂತ್ರಾಂಶ) ನೇರವಾಗಿ ಓಡಿಸುವ ಕೋಡ್. ಹಾಗೆ ಹುಟ್ಟುವ ಕ್ಲಾಸಿಗೆ ಟ್ರಾನ್ಸ್‌ಲೆಟ್ ಅಂತ ಹೆಸರು. ಯಾವುದು ಬೇಕೋ ಅದರ ಫ್ಯಾಕ್ಟರಿ ಕ್ಲಾಸಿನ (ಪ್ರೊಸೆಸರನ್ನು ತಯಾರಿಸಿ ಕೊಡುವ ಕ್ಲಾಸ್) ಹೆಸರನ್ನು ಒಂದು ಸಿಸ್ಟಮ್ ಪ್ರಾಪರ್ಟಿಯಲ್ಲಿ ಕೊಟ್ಟರೆ ಸಾಕು, ಕೋಡ್ ಮುಟ್ಟಬೇಕಿಲ್ಲ. ಜಾವಾ 5ರಿಂದ ಜೆಡಿಕೆ (ಜಾವಾದ ಡೆವಲಪರ್ ಕಿಟ್) ಜೊತೆಗೇ ಬರುವುದು ಎಕ್ಸ್‌ಎಸ್‌ಎಲ್‌ಟಿಸಿ.

ಮೊದಲ ಸುತ್ತಿನಲ್ಲಿ ಕಂಪೈಲರ್ ಸೋತಿತು! ಒಂದು ಬಿಲ್ ಕೊಟ್ಟು ಒಮ್ಮೆ ಓಡಿಸಿದರೆ ಅದರ ಹೊತ್ತೆಲ್ಲ ಟ್ರಾನ್ಸ್‌ಲೆಟ್ ಕಟ್ಟುವುದರಲ್ಲೇ ಹೋಗುತ್ತಿತ್ತು. ಒಂದು ಹಿಡಿ ಚಟ್ನಿಗೆ ದೊಡ್ಡ ಗ್ರೈಂಡರ್ ತೊಳೆದು ಇಟ್ಟ ಹಾಗೆ. ಅಂಥ ಒಂಟಿ ಕೆಲಸಕ್ಕೆ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಎಸ್‌ಎಲ್‌ಟಿಪ್ರಾಕ್ ಎಂಬ ಬೇರೊಂದು ಪ್ರೊಸೆಸರ್ ಈ ಎರಡಕ್ಕಿಂತ ಚುರುಕು. ಅದೂ ಇಂಟರ್‌ಪ್ರಿಟರೇ, ಆದರೆ ಜೆವಿಎಂ ಏಳುವವರೆಗೆ ಕಾಯುವ ಕಷ್ಟ ಇಲ್ಲ.

ಸರ್ವರ್‌ನಲ್ಲಿ ಆಟ ತಿರುಗಿತು, ಆದರೆ ತಕ್ಷಣ ಅಲ್ಲ. ನಮ್ಮ ಕೋಡ್ ಪ್ರತಿ ಬಿಲ್ಲಿಗೂ ಸ್ಟೈಲ್‌ಶೀಟಿನಿಂದಲೇ ಹೊಸ ಟ್ರಾನ್ಸ್‌ಫಾರ್ಮರ್ (ಒಂದು ಬಿಲ್ಲನ್ನು ಬದಲಿಸಿಕೊಡುವ ಆಬ್ಜೆಕ್ಟ್) ಮಾಡುತ್ತಿತ್ತು, ಅಂದರೆ ಪ್ರತಿ ಸಲ ಹೊಸ ಕಂಪೈಲ್. ಕಂಪೈಲ್ ಆದ ಸ್ಟೈಲ್‌ಶೀಟನ್ನು ಹಿಡಿದಿಡುವ ಟೆಂಪ್ಲೇಟ್ಸ್ ಆಬ್ಜೆಕ್ಟನ್ನು ಒಮ್ಮೆ ಮಾಡಿ ಇಟ್ಟುಕೊಂಡೆ. ಅದನ್ನು ಎಲ್ಲ ಥ್ರೆಡ್‌ಗಳೂ (ಒಟ್ಟೊಟ್ಟಿಗೆ ನಡೆಯುವ ಕೆಲಸದ ಎಳೆಗಳು) ಹಂಚಿಕೊಳ್ಳಬಹುದು; ಟ್ರಾನ್ಸ್‌ಫಾರ್ಮರನ್ನು ಮಾತ್ರ ಹಂಚಬಾರದು. ಆಮೇಲೆ ಎಕ್ಸ್‌ಎಸ್‌ಎಲ್‌ಟಿಸಿ ಸಲೀಸಾಗಿ ಮುಂದೆ ಹೋಯಿತು. ಬಿಲ್‌ಗಳು ಜಾಸ್ತಿ ಆದಷ್ಟೂ ಅಂತರ ಬೆಳೆಯಿತು. ಮೈಕ್ರೋಸಾಫ್ಟಿನ ಡಾಟ್‌ನೆಟ್ ಬಳಸುವವರಿಗೆ ಈ ಕತೆ ಹೊಸದಲ್ಲ. 2005ರಲ್ಲಿ ಅಲ್ಲಿ ಬಂದ ಕಂಪೈಲ್ ಮಾಡುವ ಪ್ರೊಸೆಸರ್ ಎಕ್ಸ್‌ಎಸ್‌ಎಲ್‌ಕಂಪೈಲ್ಡ್‌ಟ್ರಾನ್ಸ್‌ಫಾರ್ಮ್ ಕೂಡ ಲೋಡ್ ಆಗಲು ನಿಧಾನ, ಆಮೇಲೆ ಓಟ.

ಕಂಪೈಲರ್‌ಗೆ ಇನ್ನೊಂದು ಕಾಟ ಇದೆ. ಜೆವಿಎಂನಲ್ಲಿ ಒಂದು ಮೆಥಡ್‌ನ (ಕ್ಲಾಸಿನೊಳಗಿನ ಒಂದು ಕೆಲಸದ ತುಂಡು) ಬೈಟ್‌ಕೋಡ್ 64 ಕೆಬಿ ಮೀರುವಂತಿಲ್ಲ. ನಮ್ಮ ಸ್ಟೈಲ್‌ಶೀಟಿನ ಒಂದು ಟೆಂಪ್ಲೇಟ್, ಅಂದರೆ ಒಂದು ನಿಯಮ, ರೈಲಿನಷ್ಟು ಉದ್ದ ಇತ್ತು. ಇಂಟರ್‌ಪ್ರಿಟರ್ ಅದನ್ನು ಗೊಣಗದೆ ನುಂಗಿತು, ಹಳೆಯ ಎಕ್ಸ್‌ಎಸ್‌ಎಲ್‌ಟಿಸಿ ಮುಷ್ಕರ ಹೂಡಿತು. ಹೆಸರಿರುವ ಸಣ್ಣ ಟೆಂಪ್ಲೇಟ್‌ಗಳಾಗಿ ಒಡೆದ ಮೇಲೆ ಒಪ್ಪಿತು.

ಇಷ್ಟೆಲ್ಲ ಗುದ್ದಾಡಿದ ಮೇಲೆ ಸ್ಟೈಲ್‌ಶೀಟನ್ನೇ ನೋಡಿದೆ. ಮೊದಲೇ ನೋಡಬೇಕಿತ್ತು, ಅಲ್ವಾ? ಪ್ರತಿ ಸಾಲಿಗೂ ಗ್ರಾಹಕರ ಹೆಸರು ಹುಡುಕಲು ಎರಡು ಓರೆಗೆರೆಯ (//) ಎಕ್ಸ್‌ಪಾತ್ ಹಾಕಿದ್ದರು; ಎಕ್ಸ್‌ಪಾತ್ ಅಂದರೆ ದಾಖಲೆಯೊಳಗೆ ಏನು ಎಲ್ಲಿದೆ ಅಂತ ಹೇಳುವ ದಾರಿ. ಅಂದರೆ ಪ್ರತಿ ಸಲ ಇಡೀ ದಾಖಲೆ ಜಾಲಾಡುವುದು. ಅಲ್ಲಿ ಎಕ್ಸ್‌ಎಸ್‌ಎಲ್ ಕೀ, ಅಂದರೆ ಪುಸ್ತಕದ ಸೂಚಿಯಂಥದ್ದು, ಹಾಕಿದೆ. ದೊಡ್ಡ ಫೈಲಿನಲ್ಲಿ, ಕೀ ಇರುವ ಬಡ ಇಂಟರ್‌ಪ್ರಿಟರ್ ಕೀ ಇಲ್ಲದ ಎಕ್ಸ್‌ಎಸ್‌ಎಲ್‌ಟಿಸಿಯನ್ನು ಎಷ್ಟೋ ಹಿಂದೆ ಹಾಕಿತು. ಟೀಮಿನವರಿಗೆ ಮೊದಲು ತೋರಿಸಿದ್ದು ಅದನ್ನೇ.