ಮನೆಯವರೇ ನಡೆಸುವ ಹೋಟೆಲಿನ ಊಟ: ಬಹುಕಾಲದ ಗಿರಾಕಿಗಳ ವಿಮರ್ಶೆ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕಕ್ಕೂ ಕೊಟ್ಟ ನಾಲ್ಕಕ್ಕೂ ಕಾರಣ ಒಂದೇ: ಇಲ್ಲಿನ ಅಡುಗೆ ಒಬ್ಬರ ಕೈಯದ್ದು. ಮನೆಯ ಒಬ್ಬರು ಒಲೆಯ ಮುಂದೆ, ಇನ್ನೊಬ್ಬರು ಗಲ್ಲಾದಲ್ಲಿ, ಮಕ್ಕಳು ಬಡಿಸೋದಕ್ಕೆ, ಪಾತ್ರೆ ತೊಳೆಯಲು ಕೆಲಸದವರೊಬ್ಬರು. ಹೆಚ್ಚುಕಡಿಮೆ ಎಲ್ಲ ಕಡೆಯೂ ಇದೇ ಏರ್ಪಾಡು. ದೊಡ್ಡ ಚೈನ್ ರೆಸ್ಟೋರೆಂಟಿಗೆ ಮಸಾಲೆ ತೂಕ ಹಾಕಿ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಯಾರು ಸೌಟು ಹಿಡಿದರೂ ರುಚಿ ಬದಲಾಗದು. ಇಲ್ಲಿ ಅಳತೆಯೆಲ್ಲ ಅಡುಗೆಯವರ ಅಂಗೈಯಲ್ಲಿ. ಹಾಗಾಗಿ ಎಷ್ಟು ಹೊತ್ತಿಗೆ ಹೋದಿರಿ, ಏನು ಆರ್ಡರ್ ಮಾಡಿದಿರಿ ಎಂಬುದರ ಮೇಲೆ ಅರ್ಧ ಊಟ ನಿಂತಿರುತ್ತದೆ.

ಮೊದಲು ಹೊತ್ತಿನ ವಿಷಯ. ದೊಡ್ಡ ಪಾತ್ರೆಯಲ್ಲಿ ಒಂದೇ ಸಲ ಮಾಡಿ ಸಣ್ಣ ಉರಿಯಲ್ಲಿ ಇಟ್ಟುಕೊಳ್ಳುವ ಗ್ರೇವಿ, ಸೂಪುಗಳನ್ನೇ ತೆಗೆದುಕೊಳ್ಳಿ. ಶುರುವಿನಲ್ಲಿ 10 ಲೀಟರ್ ಇದ್ದದ್ದು ಯಾರೂ ಬಡಿಸಿಕೊಳ್ಳುವ ಮೊದಲೇ ಕುದಿಕುದಿದು 8 ಲೀಟರಿಗೆ ಇಳಿದರೆ ಹೋಗಿದ್ದು ನೀರು ಮಾತ್ರ, ಉಪ್ಪು ಅಷ್ಟೂ ಅಲ್ಲೇ ಇದೆ. ಅಂದರೆ ಅದೇ ಒಂದು ಸೌಟಿನಲ್ಲಿ ಉಪ್ಪು 25% ಜಾಸ್ತಿ. ಇದನ್ನು ಗಮನಿಸಿದವರು ಬಿಸಿನೀರು ಸುರಿಯುತ್ತಾರೆ. ಆಗ ಉಪ್ಪೇನೋ ಸರಿಹೋಗುತ್ತದೆ, ಆದರೆ ಆವಿಯ ಜೊತೆ ಹಾರಿಹೋದ ಘಮ ವಾಪಸ್ ಬರುವುದಿಲ್ಲ. ಊಟದ ಹೊತ್ತು ಶುರುವಾದ ಮೊದಲ ಒಂದು ಗಂಟೆಯಲ್ಲಿ ಉಂಡವರು ಹೊಗಳುವುದು, ಕೊನೆಗೆ ಬಂದವರು ‘ಬರೀ ಉಪ್ಪು’ ಅಥವಾ ‘ಸಪ್ಪೆ’ ಎಂದು ಬರೆಯುವುದು, ಇಬ್ಬರ ಮಾತೂ ನಿಜವೇ. ಪಾತ್ರೆ ಒಂದೇ, ಗಂಟೆ ಬೇರೆ. ತೀರಾ ಬಾಗಿಲು ತೆಗೆದ ಕೂಡಲೇ ಹೋಗುವುದೂ ಬೇಡ. ಮಸಾಲೆ ಇನ್ನೂ ಹೊಂದಿಕೊಂಡಿರುವುದಿಲ್ಲ, ತವಾ ಕಾದಿರುವುದಿಲ್ಲ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಹೋದರೆ ಸರಿ.

‘ಏನು ಚೆನ್ನಾಗಿದೆ?’ ಎಂದು ಕೇಳಿ ಪ್ರಯೋಜನವಿಲ್ಲ. ‘ಎಲ್ಲಾ ಚೆನ್ನಾಗಿದೆ’ ಅನ್ನುತ್ತಾರೆ, ಇನ್ನೇನು ಅಂದಾರು ಪಾಪ. ‘ಈಗ ಒಲೆಯಿಂದ ಇಳಿಸಿದ್ದು ಯಾವುದು?’ ಎಂದು ಕೇಳಿ. ಇದಕ್ಕೆ ಒಂದು ಖಚಿತ ಉತ್ತರ ಇದ್ದೇ ಇರುತ್ತದೆ, ಅದನ್ನೇ ತರಿಸಿ. ಮೆನು ಕಾರ್ಡಿನ ಉದ್ದವೂ ಒಂದು ಸುಳಿವು. ಒಬ್ಬರು ಅಡುಗೆ ಮಾಡುವ ಕಡೆ ನೂರು ಐಟಂ ಇದ್ದರೆ ಮುಕ್ಕಾಲು ಭಾಗ ಎರಡು ಮೂರು ಮೂಲ ಗ್ರೇವಿಗಳ ಮೇಲೆ ಓಡುತ್ತಿರುತ್ತದೆ, ಇಲ್ಲವೇ ಫ್ರೀಜರಿನಿಂದ ಬರುತ್ತಿರುತ್ತದೆ. ಮೂಲ ಗ್ರೇವಿ ತಪ್ಪೇನಲ್ಲ, ಎಲ್ಲ ಅಡುಗೆಮನೆಗಳ ಕಸುಬೂ ಅದೇ. ಆದರೆ ಬೇರೆಬೇರೆ ಹೆಸರಿನ ಮೂರು ಬಟ್ಟಲು ತರಿಸಿಕೊಂಡು ಮೂರಕ್ಕೂ ಒಂದೇ ರುಚಿ ಎಂದು ಬೇಸರಪಡುವುದಕ್ಕಿಂತ, ಒಂದು ಗ್ರೇವಿ, ಒಂದು ಒಣ ಪಲ್ಯ, ಒಂದು ಕರಿದದ್ದು ಎಂದು ಹಂಚಿಕೊಂಡು ಹೇಳುವುದು ಜಾಣತನ.

ತಡವಾಯಿತು ಎನ್ನುವುದು ಎಲ್ಲರ ದೂರು. ಅದರ ಲೆಕ್ಕ ಇಷ್ಟೇ. ಒಲೆಗೆ ನಾಲ್ಕು ಬರ್ನರ್. ಮೂರು ಟೇಬಲ್ಲಿನವರು ತಲಾ ಐದು ಬೇರೆಬೇರೆ ಐಟಂ ಹೇಳಿದರೆ ಒಟ್ಟು ಹದಿನೈದು ಬಾಣಲೆ. ಒಂದೊಂದಕ್ಕೆ ಎಂಟು ನಿಮಿಷ ಹಿಡಿದರೂ ನಾಲ್ಕು ಸುತ್ತು ಬೇಕು, ಕೊನೆಯ ತಟ್ಟೆ ಬರುವಾಗ 32 ನಿಮಿಷ. ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಇದರಲ್ಲಿ ಹೆಚ್ಚೇನೂ ಉಳಿಸಲಾರರು. ಆರು ಜನ ಹೋದಾಗ ಎರಡೇ ಬಗೆ ಹೇಳಿದರೆ ಒಂದೊಂದು ಬಾಣಲೆಯಲ್ಲಿ ಮೂರು ತಟ್ಟೆ ಒಟ್ಟಿಗೆ ಇಳಿಯುತ್ತದೆ, ಎಲ್ಲರೂ ಜೊತೆಗೇ ಉಣ್ಣಬಹುದು. ರಜಾದಿನ ಹತ್ತು ಜನ ಕಟ್ಟಿಕೊಂಡು ಹೋಗುವುದಾದರೆ ಹಿಂದಿನ ದಿನವೇ ಫೋನ್ ಮಾಡಿ. ಜನ ಎಷ್ಟು ಎಂದಷ್ಟೇ ಹೇಳಿದರೆ ಟೇಬಲ್ ಸಿಗುತ್ತದೆ. ಏನು ಬೇಕು ಎಂದೂ ಹೇಳಿಟ್ಟರೆ ಊಟವೂ ಹೊತ್ತಿಗೆ ಸಿಗುತ್ತದೆ.

ಇನ್ನು ಎಣ್ಣೆ. ಸಣ್ಣ ಹೋಟೆಲುಗಳು ಹೆಚ್ಚು ಎಡವುವುದು ಇಲ್ಲೇ. ಕರಿಯಲು 175ರಿಂದ 190 ಡಿಗ್ರಿ ಸೆಲ್ಸಿಯಸ್ ಸರಿಯಾದ ಶಾಖ. ಗಿರಾಕಿ ಜಾಸ್ತಿಯಾದಾಗ ಬಾಣಲೆ ತುಂಬ ಒಮ್ಮೆಲೇ ಹಾಕಿಬಿಡುತ್ತಾರೆ, ಎಣ್ಣೆಯ ಶಾಖ ಕುಸಿಯುತ್ತದೆ, ಹೊರಗಿನ ಪದರ ಬೇಗ ಗಟ್ಟಿಯಾಗದೆ ಪದಾರ್ಥ ಎಣ್ಣೆ ಕುಡಿಯುತ್ತದೆ. ತಟ್ಟೆಯ ಕೆಳಗಿನ ಕಾಗದ ಎರಡೇ ನಿಮಿಷದಲ್ಲಿ ತೊಯ್ದು ಪಾರದರ್ಶಕವಾದರೆ ಆದದ್ದು ಇದೇ. ಇದು ಆ ಹೊತ್ತಿನ ಅವಸರದ ತಪ್ಪು, ಕ್ಷಮಿಸಬಹುದು. ಹಳೇ ಎಣ್ಣೆ ಹಾಗಲ್ಲ. ಬಾಣಲೆ ಕಾಣುವಂತಿದ್ದರೆ ನೋಡಿ: ಒಳ್ಳೆಯ ಎಣ್ಣೆಯಲ್ಲಿ ಗುಳ್ಳೆಗಳು ದೊಡ್ಡದಾಗಿ ಎದ್ದು ಪಟಪಟ ಒಡೆಯುತ್ತವೆ. ಹಳಸಿದ್ದರಲ್ಲಿ ಸಾಬೂನಿನ ನೊರೆಯಂಥ ಸಣ್ಣ ಗುಳ್ಳೆ ಎದ್ದು ಅಂಚಿಗೆ ಹರಡಿ ಹಾಗೇ ನಿಲ್ಲುತ್ತದೆ. ಏನೂ ಹಾಕದಿದ್ದಾಗಲೂ ಹೊಗೆ, ಬಾಣಲೆಯ ಕಂಠಕ್ಕೆ ಅಂಟಂಟು ಕಂದು ಪದರ, ತಿಂದ ಮೇಲೆ ಗಂಟಲಲ್ಲಿ ಕೆರೆತ. ಕಾದುಕಾದು ಒಡೆದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಎಂಬವು ಸೇರುತ್ತಾ ಹೋಗುತ್ತವೆ. ಅವು ಸುಮಾರು 25% ದಾಟಿದರೆ ಆ ಎಣ್ಣೆ ಬಳಸಬಾರದು ಎಂದು ಹಲವು ದೇಶಗಳ ಕಾನೂನಿದೆ. ಅದನ್ನು ಅಳೆಯುವ ಮೀಟರ್ ಇಂಥ ಕಡೆ ಅಪರೂಪ, ಕಣ್ಣು ಮೂಗುಗಳೇ ಮೀಟರ್. ಬಾಣಲೆ ಕಾಣದ ಕಡೆ ಬಣ್ಣ ನೋಡಿ: ಹೊರಗೆ ಗಾಢ ಕಂದಾಗಿ ಒಳಗೆ ಹಸಿಹಸಿ ಇದ್ದರೆ ಎಣ್ಣೆ ಬದಲಿಸಿ ಬಹಳ ದಿನವಾಗಿದೆ, ಇಲ್ಲವೇ ಉರಿ ಅತಿಯಾಗಿದೆ. ಎರಡು ಸಲ ಹೀಗಾದರೆ ಆ ಹೋಟೆಲಲ್ಲಿ ಕರಿದದ್ದನ್ನು ಬಿಡಿ, ಉಳಿದದ್ದು ತಿನ್ನಿ.

ಬಿಸಿಯ ವಿಷಯಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಸುಲಭ: ಬೇಯಿಸಿದ್ದು 60 ಡಿಗ್ರಿಗಿಂತ ಮೇಲಿರಬೇಕು ಅಥವಾ 5 ಡಿಗ್ರಿಗಿಂತ ಕೆಳಗಿರಬೇಕು, ನಡುವೆ ಹೊರಗೆ ಎರಡು ಗಂಟೆ ಮೀರಬಾರದು. ಸೂಪಿನ ಮೊದಲ ಚಮಚವನ್ನೇ ಊದದೆ ಆರಾಮಾಗಿ ಕುಡಿಯುವಂತಿದ್ದರೆ ಪಾತ್ರೆ ಸಾಕಷ್ಟು ಬಿಸಿ ಇರಲಿಲ್ಲ, ಇಲ್ಲವೇ ಬಟ್ಟಲಿಗೆ ಹಾಕಿ ಹೊತ್ತಾಗಿತ್ತು. ಅನ್ನದ ಬಗ್ಗೆ ಹೆಚ್ಚು ಎಚ್ಚರ ಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೇಯಿಸಿದರೂ ಸಾಯುವುದಿಲ್ಲ. ಅನ್ನ ಹೊರಗೇ ತಣ್ಣಗಾಗುತ್ತಾ ಕೂತರೆ ಅವು ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರೈಡ್ ರೈಸಿಗೆ ಆರಿದ ಅನ್ನವೇ ಬೇಕು, ಅದು ಸರಿ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಇಟ್ಟದ್ದೋ, ಬೆಳಗಿನಿಂದ ಒಲೆಯ ಪಕ್ಕ ಕೂತದ್ದೋ ಎಂಬುದಷ್ಟೇ ಪ್ರಶ್ನೆ. ಅನ್ನ ಅಂಟಂಟಾಗಿ ಸ್ವಲ್ಪ ಹುಳಿವಾಸನೆ ಬಂದರೆ ತಟ್ಟೆ ಸರಿಸಿ. ಆದರೆ ವಾಸನೆ ಇಲ್ಲ ಎಂದಮಾತ್ರಕ್ಕೆ ವಿಷವೂ ಇಲ್ಲ ಎಂದಲ್ಲ. ಮುಚ್ಚುವ ಹೊತ್ತಿಗೆ ಹೋದಾಗ ಫ್ರೈಡ್ ರೈಸ್ ಹೇಳದಿರುವುದು ಇದಕ್ಕೇ.

ಅಲರ್ಜಿ ಇರುವವರು ‘ನನಗೆ ಅಲರ್ಜಿ’ ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಇಲ್ಲಿ ರೆಸಿಪಿ ಎಲ್ಲೂ ಬರೆದಿಟ್ಟಿರುವುದಿಲ್ಲ, ಬಡಿಸುವವರಿಗೆ ಗೊತ್ತಿರುವುದಿಲ್ಲ. ‘ಇದರಲ್ಲಿ ಶೇಂಗಾ ಇದೆಯಾ? ಎಳ್ಳು? ಗೋಡಂಬಿ ಅರೆದು ಹಾಕಿದ್ದೀರಾ?’ ಎಂದು ಹೆಸರು ಹಿಡಿದು, ಸಾಧ್ಯವಾದರೆ ಒಲೆಯ ಮುಂದಿರುವವರನ್ನೇ ಕೇಳಿ. ಕೊನೆಗೆ ಇನ್ನೊಂದು: ‘ಅದೇ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ?’ ಇದನ್ನು ಕೇಳದೆ ಎಷ್ಟೋ ಜನ ಕೆಡುತ್ತಾರೆ.

ಶುಚಿತ್ವಕ್ಕೆ ಟೇಬಲ್ ಒರೆಸುವ ಬಟ್ಟೆ ನೋಡಿದರೆ ಸಾಕು. ಒಂದೇ ಒದ್ದೆ ಬಟ್ಟೆ ಎಲ್ಲ ಟೇಬಲ್ಲಿಗೂ ತಿರುಗುತ್ತಿದ್ದು, ಒರೆಸಿದ ಮೇಲೆ ಮುಗ್ಗಲು ನಾತ ಉಳಿದರೆ ಒಳಗಿನ ಕತ್ತರಿಸುವ ಹಲಗೆಯೂ ಹಾಗೇ ಎಂದು ಊಹಿಸಬಹುದು. ಗಲ್ಲಾದಲ್ಲಿ ನೋಟು ಎಣಿಸಿದ ಕೈಯೇ ತೊಳೆಯದೆ ಬಡಿಸಲು ಬರುವುದು ಮನೆಯವರೇ ನಡೆಸುವ ಕಡೆ ಹೆಚ್ಚು, ಆಳು ಕಡಿಮೆ ಇರುವುದರಿಂದ. ಗೋಡೆಯ ಬಣ್ಣ, ಹಳೇ ಫ್ಯಾನು, ಇಕ್ಕಟ್ಟಿನ ಪಾರ್ಕಿಂಗ್, ಇವಕ್ಕೆಲ್ಲ ಅಂಕ ಕಳೆಯುವುದಿಲ್ಲ.

ಏನಾದರೂ ಸರಿಯಿಲ್ಲದಿದ್ದರೆ ಎರಡನೇ ತುತ್ತಿಗೇ ಹೇಳಿ. ಬೇಯದಿದ್ದರೆ ಮತ್ತೆ ಒಲೆಗೇರಿಸುತ್ತಾರೆ, ಉಪ್ಪಾದರೆ ಬದಲಿಸುತ್ತಾರೆ. ಮುಕ್ಕಾಲು ತಟ್ಟೆ ಖಾಲಿ ಮಾಡಿ ಹೇಳಿದರೆ ಮುಖ ಚಿಕ್ಕದಾಗುತ್ತದೆಯೇ ಹೊರತು ಅಡುಗೆ ಸುಧಾರಿಸುವುದಿಲ್ಲ. ಕೈಬರಹದ ಬಿಲ್ಲಾದರೆ ಐಟಂ ಎಣಿಸಿ ಕೊಡಿ. ತಪ್ಪು ಎರಡೂ ಕಡೆಗೆ ಆಗುತ್ತದೆ, ಬಿಟ್ಟುಹೋದದ್ದನ್ನೂ ನೆನಪಿಸಿ. ಆನ್‌ಲೈನ್ ರೇಟಿಂಗನ್ನು ಅಷ್ಟಾಗಿ ನಂಬಬೇಡಿ, ಮೊದಲ ಇಪ್ಪತ್ತು ಐದು-ಸ್ಟಾರುಗಳು ಸಾಮಾನ್ಯವಾಗಿ ನೆಂಟರವು.

ಪಾರ್ಸೆಲ್‌ಗೆ ಇಲ್ಲಿನ ಊಟ ಅರ್ಧಕ್ಕರ್ಧ ಸೋಲುತ್ತದೆ. ಬಿಸಿ ಕರಿದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಅದರ ಆವಿಯೇ ಅದನ್ನು ಮೆತ್ತಗೆ ಮಾಡುತ್ತದೆ. ಎರಡು ಮೂರು ನಿಮಿಷ ತೆರೆದಿಟ್ಟು ಕಾಗದದ ಚೀಲಕ್ಕೆ ಹಾಕಿಕೊಡಲು ಹೇಳಿ, ಗ್ರೇವಿ ಬೇರೆ ಡಬ್ಬಿಯಲ್ಲಿರಲಿ. ಅರ್ಧ ಗಂಟೆಗಿಂತ ದೂರದ ಮನೆಯಾದರೆ ಕರಿದದ್ದು ಬೇಡ, ಗ್ರೇವಿಯನ್ನಷ್ಟೇ ಒಯ್ದು ಅನ್ನವೋ ರೊಟ್ಟಿಯೋ ಮನೆಯಲ್ಲಿ ಮಾಡಿಕೊಳ್ಳಿ. ಗ್ರೇವಿಯನ್ನು ಬರೀ ಬೆಚ್ಚಗೆ ಮಾಡಿ ಬಡಿಸಬೇಡಿ, ಒಂದು ಕುದಿ ಬರಲೇಬೇಕು.