ಬೀಜವೋ, ಪುಡಿಯೋ, ಇನ್‌ಸ್ಟಂಟೋ?

ಮನೆ ಕಾಫಿಗೆ ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ. ಮೊದಲು ಘಮದ ಮಾತು, ದೊಡ್ಡ ವ್ಯತ್ಯಾಸ ಇರುವುದೇ ಅಲ್ಲಿ. ಹುರಿದ ಬೀಜ ಗಾಳಿಯಾಡದ ಡಬ್ಬಿಯಲ್ಲಿ ಕೆಲವು ವಾರ ಚೆನ್ನಾಗಿರುತ್ತದೆ. ಪುಡಿಯಾದರೆ ಗಾಳಿ ತಾಗುವ ಜಾಗ ಜಾಸ್ತಿ, ಘಮ ಬೇಗ ಹಾರಿಹೋಗುತ್ತದೆ. ಪ್ಯಾಕೆಟ್ ಒಡೆದ ದಿನ ಮೂಗಿಗೆ ಬಡಿದ ವಾಸನೆ ತಳ ಕಾಣುವ ಹೊತ್ತಿಗೆ ಇರುವುದಿಲ್ಲ, ಅಲ್ವಾ? ಇನ್‌ಸ್ಟಂಟ್ ಎಂದರೆ ಮೊದಲೇ ಕಾಫಿ ಇಳಿಸಿ ಒಣಗಿಸಿದ್ದು. ಘಮ ಕಮ್ಮಿ, ಬಾಳಿಕೆ ಜಾಸ್ತಿ. ಒದ್ದೆ ಚಮಚ ಮಾತ್ರ ಹಾಕಬೇಡಿ, ಗಟ್ಟಿಯಾಗಿ ಡಬ್ಬಿಗೆ ಅಂಟಿಕೊಳ್ಳುತ್ತದೆ.

ಇನ್ನು ಖರ್ಚು. ಬೀಜಕ್ಕೆ ಗ್ರೈಂಡರ್ ಬೇಕು. ಬ್ಲೇಡಿನದು ಅಗ್ಗ, ಆದರೆ ಒಂದಷ್ಟು ಹಿಟ್ಟು, ಒಂದಷ್ಟು ತರಿ ಬರುತ್ತದೆ. ಬರ್ ಗ್ರೈಂಡರ್, ಅಂದರೆ ಎರಡು ಹಲ್ಲಿನ ಚಕ್ರಗಳ ನಡುವೆ ಬೀಜ ಅರೆಯುವಂಥದ್ದು, ಒಂದೇ ಸಮ ಪುಡಿ ಮಾಡುತ್ತದೆ, ಬೆಲೆಯೂ ಜಾಸ್ತಿ. ಪುಡಿಗೆ ಒಂದು ಫಿಲ್ಟರ್ ಸಾಕು. ಇನ್‌ಸ್ಟಂಟ್‌ಗೆ ಬಿಸಿನೀರು, ಲೋಟ, ಅಷ್ಟೇ.

ಪುಡಿಯನ್ನು ಬಿಸಿನೀರಲ್ಲಿ ನೆನೆಸಿ ಜಾಲರಿ ಒತ್ತಿ ಸೋಸುವ ಫ್ರೆಂಚ್ ಪ್ರೆಸ್‌ಗೆ ತರಿತರಿ ಪುಡಿ ಬೇಕು, ಒತ್ತಡದಲ್ಲಿ ಬಿಸಿನೀರು ಹಾಯಿಸಿ ಇಳಿಸುವ ಎಸ್ಪ್ರೆಸೊಗೆ ನುಣ್ಣಗಿನದು. ಹೀಗೆ ಬಗೆಬಗೆಯಾಗಿ ಮಾಡುವವರಿಗೆ ಬೀಜವೇ ಸರಿ. ಮನೆಮಂದಿಯೆಲ್ಲ ದಿನಾ ಒಂದೇ ಬಗೆ ಕುಡಿಯುವುದಾದರೆ ಪುಡಿ ತನ್ನಿ, ಸಣ್ಣ ಪ್ಯಾಕೆಟ್ಟೇ ಇರಲಿ. ಯಾವಾಗಲೋ ಒಮ್ಮೆ ಕುಡಿಯುವವರಿಗೆ ಇನ್‌ಸ್ಟಂಟ್. ಸುಮ್ನೆ ಒಳ್ಳೆ ಬೀಜ ತಂದು ಹಳತಾಗಲು ಬಿಡುವುದಕ್ಕಿಂತ ಅದೇ ವಾಸಿ.