ಮಳೆಗೆ ಕೂಗುವ ಕಾರ್ ಅಲಾರಂ: ಮಾಡಿ ನೋಡಿದ ಮೂರು ರಿಪೇರಿ

ಚಿಕ್ಕಮಗಳೂರಿನಲ್ಲಿ ಜುಲೈ ಮಳೆ ಹಿಡಿದರೆ ಬಿಡುವುದಿಲ್ಲ. ನಮ್ಮ ಮನೆಗೆ ಶೆಡ್ ಇಲ್ಲ, ಕಾರು ರಸ್ತೆ ಬದಿಯಲ್ಲೇ ನೆನೆಯುತ್ತದೆ. ಹೋದ ಮಳೆಗಾಲದಲ್ಲಿ ಅದರ ಅಲಾರಂ ರಾತ್ರಿ ಎರಡಕ್ಕೆ, ಮತ್ತೆ ನಾಲ್ಕಕ್ಕೆ ಸುಮ್ನೆ ಕೂಗಲು ಶುರುವಾಯಿತು. ಪಕ್ಕದ ಮನೆ ಅಜ್ಜಿಗೆ ಹುಷಾರಿರಲಿಲ್ಲ. ನನಗೂ ನಿದ್ದೆ ಬರಲಿಲ್ಲ.

ಮೊದಲು ಶಾಕ್ ಸೆನ್ಸರ್, ಅಂದರೆ ಕಾರು ಅದುರಿದರೆ ಅಲಾರಂ ಕೂಗಿಸುವ ಭಾಗದ ಸೂಕ್ಷ್ಮತೆ ಕಡಿಮೆ ಮಾಡಿದೆ. ಡ್ಯಾಶ್‌ಬೋರ್ಡ್ ಕೆಳಗಿನ ಪುಟ್ಟ ಡಬ್ಬಿಯಲ್ಲಿ ಒಂದು ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರಾಯಿತು. ಖರ್ಚಿಲ್ಲ. ಲಾರಿ ಹೋದಾಗ ಕೂಗುವುದು ನಿಂತಿತು, ರಾತ್ರಿಯ ಕೂಗು ನಿಲ್ಲಲಿಲ್ಲ. ಜಾಸ್ತಿ ಇಳಿಸಿದ್ದರಿಂದ ಗಾಜಿಗೆ ಅಂಗೈಯಲ್ಲಿ ಬಡಿದರೂ ಅಲಾರಂ ಸುಮ್ಮನಿತ್ತು. ಹಾಗಾದರೆ ಅಲಾರಂ ಯಾಕೆ ಬೇಕು, ಅಲ್ವಾ?

ಆಮೇಲೆ ಒಂದು ಅಂಗಡಿಯವರ ಮಾತು ಕೇಳಿ ಹೊಸ ಬ್ಯಾಟರಿ ಹಾಕಿಸಿದೆ. ವೋಲ್ಟೇಜ್ ಇಳಿದರೆ ಕೆಲವು ಅಲಾರಂಗಳು ಕೂಗುವುದು ನಿಜ. ಆದರೆ ಹಳೆಯದಕ್ಕೆ ಮೀಟರ್ ಇಟ್ಟಾಗ 12.5 ವೋಲ್ಟ್ ತೋರಿಸಿತ್ತು, ಬೆಳಿಗ್ಗೆ ಇಂಜಿನ್ನೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಆಗಲೇ ಬೇಡ ಎನ್ನಬೇಕಿತ್ತು. ನಾಲ್ಕೂವರೆ ಸಾವಿರ ಹೋಯಿತು, ಕೂಗು ಉಳಿಯಿತು.

ಕೊನೆಗೆ ಬಾನೆಟ್ ಸ್ವಿಚ್ ನೋಡಿದೆ. ಬಾನೆಟ್ ಮುಚ್ಚಿದಾಗ ಇದರ ಕಡ್ಡಿ ಒಳಗೆ ಒತ್ತಿಕೊಂಡಿರುತ್ತದೆ. ತೆರೆದರೆ ಮೇಲೆದ್ದು ಅಲಾರಂ ವೈರನ್ನು ಕಾರಿನ ಲೋಹದ ಮೈಗೆ ಸೇರಿಸುತ್ತದೆ (ಇದನ್ನೇ ಅರ್ಥ್ ಎನ್ನುವುದು), ಅಲಾರಂ ಕೂಗುತ್ತದೆ. ನಮ್ಮದರ ರಬ್ಬರ್ ಟೊಪ್ಪಿ ಹರಿದಿತ್ತು. ಬಿಚ್ಚಿ ಎತ್ತಿದರೆ ಒಳಗೆ ಹಸಿರು ಕಿಲುಬು, ತುದಿಯಲ್ಲಿ ಒಂದು ಹನಿ ನೀರು. ಆ ತೇವವೇ ಅರ್ಥ್ ಕೊಡುತ್ತಿತ್ತು, ಮುಚ್ಚಿದ ಬಾನೆಟ್ಟನ್ನು ಅಲಾರಂ ತೆರೆದಿದೆ ಎಂದುಕೊಳ್ಳುತ್ತಿತ್ತು.

ಖಚಿತ ಮಾಡಿಕೊಳ್ಳಲು ಆ ವೈರ್ ಕಳಚಿ, ತುದಿಗೆ ಟೇಪ್ ಸುತ್ತಿ, ಕಾರು ಲಾಕ್ ಮಾಡಿ ಮಲಗಿದೆ. ರಾತ್ರಿಯಿಡೀ ಮಳೆ ಸುರಿಯಿತು, ಒಂದು ಸಲವೂ ಕೂಗಲಿಲ್ಲ. ಹಾಗೇ ಬಿಟ್ಟರೆ ಬಾನೆಟ್‌ಗೆ ಕಾವಲಿರುವುದಿಲ್ಲ. ಅದಕ್ಕೇ ಮಾರನೇ ದಿನ ನೂರೈವತ್ತು ರೂಪಾಯಿಯ ಹೊಸ ಸ್ವಿಚ್ ತಂದೆ. ಬರೀ ತಿರುಚಿ ಟೇಪ್ ಹಾಕಿದ್ದ ಹಳೇ ವೈರ್ ಜಾಯಿಂಟನ್ನು ಬೆಸುಗೆ ಹಾಕಿಸಿ, ಮೇಲೆ ಸ್ಲೀವ್ (ವೈರ್ ಮುಚ್ಚುವ ಕೊಳವೆ) ಏರಿಸಿದೆವು. ಸೆನ್ಸರ್ ಸ್ಕ್ರೂ ಮೊದಲಿದ್ದಲ್ಲಿಗೇ ಬಂತು.

ನಿಮ್ಮ ಕಾರು ಲಾರಿ, ಗುಡುಗಿಗೆ ಮಾತ್ರ ಕೂಗಿದರೆ ಸ್ಕ್ರೂ ಸಾಕು. ಬೆಳಿಗ್ಗೆ ಸ್ಟಾರ್ಟರ್ ಎಳೆಯುತ್ತಿದ್ದರೆ ಬ್ಯಾಟರಿ ನೋಡಿ. ಮಳೆ ರಾತ್ರಿ ಮಾತ್ರ ಕೂಗಿದರೆ ದುಡ್ಡು ಬಿಚ್ಚುವ ಮೊದಲು ಬಾನೆಟ್ ಎತ್ತಿ ಆ ರಬ್ಬರ್ ಟೊಪ್ಪಿ ಮುಟ್ಟಿ ನೋಡಿ. ನಾನು ಈಗ ಪ್ರತಿ ಮೇ ಕೊನೆಗೆ ಅದಕ್ಕೆ ಸ್ವಲ್ಪ ಗ್ರೀಸ್ ಹಚ್ಚುತ್ತೇನೆ.